ಮಗುವಿನ ಕಾರ್ ಸೀಟಿನ ಹಾರ್ನೆಸ್: ಏನನ್ನು ಸೇರಿಸಬಾರದು, ಹೇಗೆ ಬಿಗಿಯಬೇಕು?

ಕಾರ್ ಸೀಟನ್ನು ಅಲುಗಾಡದಂತೆ ಕೂರಿಸುವವರೂ ಮಗುವಿಗೆ ಒತ್ತಬಾರದೆಂದು ಹಾರ್ನೆಸ್ ಪಟ್ಟಿಗೆ (ಮಗುವನ್ನು ಸೀಟಿಗೆ ಹಿಡಿದಿಡುವ ಬೆಲ್ಟಿಗೆ) ಮೆತ್ತನೆಯ ಕವರ್, ಬೆನ್ನಿಗೆ ದಿಂಬು, ತಲೆಗೆ ಆಸರೆ ಎಂದು ಒಂದೊಂದೇ ಸೇರಿಸಿ ಕೆಲಸ ಕೆಡಿಸುವುದನ್ನು ಬಹಳ ಸಲ ನೋಡಿದ್ದೇನೆ.

ಮೊದಲು ಕೈಪಿಡಿಯನ್ನು ನೋಡಿ, ಸೀಟಿನೊಂದಿಗೇ ಬಂದ ಭಾಗಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಬಿಡಿ. ಕೆಲವು ಸೀಟುಗಳ ಎದೆಯ ಪ್ಯಾಡ್‌ಗಳು ಅಪಘಾತ ಪರೀಕ್ಷೆಯಲ್ಲಿಯೂ ಸೀಟಿನ ಅಂಗವಾಗಿಯೇ ಇರುವುದರಿಂದ ಅವುಗಳನ್ನು ಮಾತ್ರ ಕೀಳಬಾರದು. ಬಿಡಿಯಾಗಿ ಮಾರುವ ವಸ್ತುಗಳ ಪೊಟ್ಟಣದ ಮೇಲೆ ಸುರಕ್ಷತಾ ಮಾನದಂಡದ ಹೆಸರು ಅಚ್ಚಾಗಿದ್ದರೂ ನಂಬಬೇಡಿ. ಅದು ಬಟ್ಟೆ ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬುದಕ್ಕಷ್ಟೇ ಸಂಬಂಧಿಸಿರಬಹುದು.

ಬಹುತೇಕರು ತಪ್ಪುವುದು ಬಿಗಿಯುವಾಗ. ಡಿಕ್ಕಿಯಲ್ಲಿ ಕಾರು ಥಟ್ಟನೆ ನಿಂತರೂ ಮಗುವಿನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಲಿಸುತ್ತಿರುತ್ತದೆ. ಆಗ ಪಟ್ಟಿಯಡಿಯ ದಪ್ಪ ಪದರ ಅಪ್ಪಚ್ಚಿಯಾಗಿ, ಅಷ್ಟೂ ಜಾಗ ಸಡಿಲವಾಗಿ ಪರಿಣಮಿಸುವುದರಿಂದ ತಲೆ ಇನ್ನಷ್ಟು ಮುಂದಕ್ಕೆ ಚಿಮ್ಮುತ್ತದೆ, ಭುಜ ಪಟ್ಟಿಯಿಂದ ನುಣುಚಿಕೊಳ್ಳಲೂಬಹುದು. ದಪ್ಪ ಜಾಕೆಟ್ ಮಾಡುವುದೂ ಇದನ್ನೇ. ಅನುಮಾನವಿದ್ದರೆ ಜಾಕೆಟ್ ಹಾಕಿದ ಮಗುವನ್ನು ಕೂರಿಸಿ ಬಿಗಿಯಿರಿ. ಪಟ್ಟಿಯ ಉದ್ದವನ್ನು ಬದಲಿಸದೆ ಬಕಲ್ ಬಿಚ್ಚಿ, ಜಾಕೆಟ್ ತೆಗೆದು, ಮತ್ತೆ ಹಾಕಿ ನೋಡಿ. ಎದೆಯ ಮುಂದೆ ಜೋತುಬೀಳುವ ಪಟ್ಟಿಯೇ ಉತ್ತರ ಹೇಳುತ್ತದೆ.

ಮಗುವಿನ ಸೊಂಟ ಮತ್ತು ಬೆನ್ನು ಸೀಟಿಗೆ ಪೂರ್ತಿ ತಾಗಿರಲಿ, ಪಟ್ಟಿ ಎಲ್ಲಿಯೂ ತಿರುಚಿಕೊಂಡಿರಬಾರದು. ಹಿಮ್ಮುಖ ಸೀಟಿನಲ್ಲಿ (ಮಗುವಿನ ಮುಖ ಕಾರಿನ ಹಿಂಬದಿಗಿರುವ ಸೀಟು) ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿನಿಂದ, ಮುಮ್ಮುಖ ಸೀಟಿನಲ್ಲಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿನಿಂದ ಹೊರಬರಬೇಕು. ಬಕಲ್ ಹಾಕಿದ ಕೂಡಲೇ, ಬಿಗಿಯಲೆಂದು ಸೀಟಿನ ಮುಂಭಾಗದಲ್ಲಿರುವ ಪಟ್ಟಿಯನ್ನು ಜಗ್ಗಬೇಡಿ. ಮೊದಲು ಸೊಂಟದ ಬಳಿಯ ಸಡಿಲವನ್ನು ಭುಜದತ್ತ ಮೇಲಕ್ಕೆಳೆದು, ಆಮೇಲೆ ಬಿಗಿಯಿರಿ. ಕೊರಳೆಲುಬಿನ ಹತ್ತಿರ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ನೋಡಿ: ಮಡಿಕೆ ಸಿಕ್ಕಿದರೆ ಇನ್ನೂ ಬಿಗಿಯಬೇಕು. ಎರಡೂ ಭುಜದ ಪಟ್ಟಿಗಳನ್ನು ಜೋಡಿಸುವ ಎದೆಯ ಕ್ಲಿಪ್ ಇರುವ ಸೀಟಾದರೆ ಅದು ಕಂಕುಳಿನ ಮಟ್ಟದಲ್ಲಿರಲಿ. ದಪ್ಪ ಕವರ್ ಇದ್ದರೆ ಕ್ಲಿಪ್ ಅಲ್ಲಿಯವರೆಗೆ ಏರದೇ ಹೋಗಬಹುದು.

ಮಗು ಕೈ ಹೊರತೆಗೆಯದಂತೆ ತಡೆಯುವ ಹೆಚ್ಚುವರಿ ಕ್ಲಿಪ್‌ಗಳನ್ನಂತೂ ಕೊಳ್ಳಲೇಬೇಡಿ. ಅಪಘಾತದ ನಂತರ ಮಗುವನ್ನು ಹೊರತೆಗೆಯಲು ಧಾವಿಸುವವರಿಗೆ ಅಂಥದ್ದೊಂದು ಇದೆಯೆಂದೇ ತಿಳಿದಿರುವುದಿಲ್ಲ. ಕೈ ಹೊರಬರುತ್ತಿದ್ದರೆ ಪಟ್ಟಿಯ ಎತ್ತರವನ್ನೂ ಬಿಗಿತವನ್ನೂ ಇನ್ನೊಮ್ಮೆ ಪರಿಶೀಲಿಸಿ. ಚಳಿಯಿದ್ದರೆ ಬಕಲ್ ಹಾಕಿದ ಮೇಲೆ ಹೊದಿಕೆಯನ್ನು ಪಟ್ಟಿಯ ಹೊರಗಿನಿಂದ ಹೊದಿಸಿ.