ಮೋಟರ್‌ಹೋಮ್ ನಿಲ್ಲಿಸಿ, ಗಾಳ ಹಾಕಿ: ಮಿಶಿಗನ್ ಕೆರೆದಡದಲ್ಲಿ ಮನೆಮಂದಿ ಜೊತೆ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಮೋಟರ್‌ಹೋಮ್ (ಒಳಗೇ ಹಾಸಿಗೆ, ಅಡುಗೆಮನೆ ಇರುವ ಗಾಡಿ) ಬಾಡಿಗೆಗೆ ತಗೊಂಡು ಮಕ್ಕಳ ಜೊತೆ ಮೀನು ಹಿಡಿಯೋಕೆ ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ದೊಡ್ಡ ಮೀನಿನ ಆಸೆ ಬಿಡಿ. ಸಾಲ್ಮನ್, ಮಸ್ಕಿ ಎಲ್ಲ ಆಮೇಲೆ ನೋಡೋಣ. ಮೊದಲ ಸಲಕ್ಕೆ ಬ್ಲೂಗಿಲ್ ಸಾಕು. ಅಂಗೈಯಷ್ಟು ಅಗಲದ ಮೀನು, ಎದೆ ಹತ್ತಿರ ಕೇಸರಿ ಬಣ್ಣ, ಕಿವಿರಿನ ಅಂಚಲ್ಲಿ ಒಂದು ಕಪ್ಪು ಮಚ್ಚೆ. ದಡದ ಹತ್ತಿರವೇ ಗುಂಪಾಗಿ ಇರುತ್ತದೆ, ಬೇಗ ಕಚ್ಚುತ್ತದೆ, ಆರು ವರ್ಷದ ಮಗುವೂ ತಾನೇ ಎಳೆದುಕೊಳ್ಳಬಹುದು. ಮಕ್ಕಳಿಗೆ ಬೇಕಾಗಿರುವುದು ಹತ್ತು ನಿಮಿಷಕ್ಕೊಮ್ಮೆ ಏನೋ ಒಂದು ಆಗುವುದು, ಅಲ್ವಾ?

ಎರಡನೆಯದು ಜಾಗ. ಮೋಟರ್‌ಹೋಮ್ ಕಾರಿನ ಹಾಗಲ್ಲ. ಒಮ್ಮೆ ನಿಲ್ಲಿಸಿ, ಚಕ್ರದ ಕೆಳಗೆ ಮಟ್ಟಸಕ್ಕೆ ಹಲಗೆ ಕೊಟ್ಟು, ಕರೆಂಟಿನ ವೈರ್ ಸಿಕ್ಕಿಸಿ, ಮೇಲಾವರಣ ಬಿಚ್ಚಿದ ಮೇಲೆ ಅದು ಮನೆಯೇ. ಬೆಳಗ್ಗೆ ಐದೂವರೆಗೆ ಅದನ್ನೆಲ್ಲ ಮಡಚಿಕೊಂಡು ಕೆರೆ ಹುಡುಕಿಕೊಂಡು ಹೋಗುವುದು ಆಗದ ಮಾತು. ನಮ್ಮ ಮೊದಲ ಪ್ರವಾಸದಲ್ಲಿ ಒಂದು ಖಾಸಗಿ ಕ್ಯಾಂಪ್‌ಗ್ರೌಂಡ್‌ನವರು 'ಕೆರೆ ಪಕ್ಕದಲ್ಲೇ' ಅಂತ ಹೇಳಿದ್ದನ್ನು ನಂಬಿ ಬುಕ್ ಮಾಡಿದ್ದೆವು. ಹೋಗಿ ನೋಡಿದರೆ ಕೆರೆ ಮೂರು ಮೈಲಿ ದೂರ, ನಡೆಯೋಕೆ ಕಾಲುದಾರಿಯೂ ಇಲ್ಲ. ಆ ಮೂರು ದಿನ ಗಾಳ ಹೊರಗೆ ತೆಗೆಯಲೇ ಇಲ್ಲ. ಈಗ ಬುಕ್ ಮಾಡುವ ಮುಂಚೆ ನಕ್ಷೆಯಲ್ಲಿ ಸೈಟ್‌ನಿಂದ ನೀರಿನವರೆಗೆ ಬೆರಳಿಟ್ಟು ಅಳೆಯುತ್ತೇನೆ. ಮಕ್ಕಳ ಕಾಲಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಬೇಡ.

ನಾವು ಡೆಟ್ರಾಯಿಟ್ ಕಡೆಯವರಾದ್ದರಿಂದ ನಮಗೆ ತುಂಬ ಹಿಡಿಸಿದ್ದು ಲುಡಿಂಗ್ಟನ್ ಸ್ಟೇಟ್ ಪಾರ್ಕ್. ಸುಮಾರು ನಾಲ್ಕು ಗಂಟೆ ದಾರಿ. ಒಂದು ಕಡೆ ಲೇಕ್ ಮಿಶಿಗನ್, ಇನ್ನೊಂದು ಕಡೆ ಹ್ಯಾಮ್ಲಿನ್ ಲೇಕ್, ನಡುವೆ ಬಿಗ್ ಸೇಬಲ್ ಅನ್ನೋ ಸಣ್ಣ ಹೊಳೆ. ಹ್ಯಾಮ್ಲಿನ್‌ನಲ್ಲಿ ಬ್ಲೂಗಿಲ್ ಚೆನ್ನಾಗಿ ಸಿಗುತ್ತದೆ. ಬುಕಿಂಗ್ ಆರು ತಿಂಗಳು ಮುಂಚೆಯೇ ತೆರೆಯುತ್ತದೆ, ಬೇಸಿಗೆಯ ವಾರಾಂತ್ಯಗಳು ಬೇಗ ತುಂಬುತ್ತವೆ. ಗಾಡಿಗೆ ರಿಕ್ರಿಯೇಷನ್ ಪಾಸ್‌ಪೋರ್ಟ್, ಅಂದರೆ ಸ್ಟೇಟ್ ಪಾರ್ಕ್‌ಗಳ ಪ್ರವೇಶ ಪಾಸ್, ಕೂಡ ಬೇಕು, ಮರೆಯಬೇಡಿ.

ಲೈಸೆನ್ಸ್ ವಿಷಯ. ಮಿಶಿಗನ್‌ನಲ್ಲಿ 17 ವರ್ಷ ತುಂಬಿದವರಿಗೆಲ್ಲ ಮೀನು ಹಿಡಿಯೋಕೆ ಲೈಸೆನ್ಸ್ ಬೇಕು, ಅದಕ್ಕಿಂತ ಚಿಕ್ಕವರಿಗೆ ಬೇಡ. ಇಲ್ಲೇ ಬಹಳ ಜನ ತಪ್ಪುವುದು. "ಹಿಡಿಯೋದು ಮಗು, ನಾನು ಸುಮ್ನೆ ಸಹಾಯ ಮಾಡ್ತೀನಿ" ಅಂದರೆ ನಡೆಯಲ್ಲ. ಮಗುವಿನ ಗಾಳ ನೀವು ಎಸೆದು, ಎಳೆದು ಕೊಡುತ್ತಿದ್ದರೆ ನಿಮ್ಮ ಹತ್ತಿರವೂ ಲೈಸೆನ್ಸ್ ಇರಬೇಕು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಒಂದು ದಿನದ ಲೈಸೆನ್ಸ್ ತೆಗೆಸಿ, ಆನ್‌ಲೈನಲ್ಲೇ ಸಿಗುತ್ತದೆ. ವರ್ಷಕ್ಕೆ ಎರಡು ವಾರಾಂತ್ಯ, ಫೆಬ್ರವರಿಯಲ್ಲಿ ಒಂದು, ಜೂನ್‌ನಲ್ಲಿ ಒಂದು, ಯಾರಿಗೂ ಲೈಸೆನ್ಸ್ ಬೇಡ. ಆದರೆ ಉಳಿದ ನಿಯಮ ಆಗಲೂ ಇರುತ್ತದೆ. ಬ್ಲೂಗಿಲ್ ಮತ್ತು ಅದರ ಜಾತಿಯ ಸನ್‌ಫಿಶ್ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 25. ಅಪ್ಪಿತಪ್ಪಿ ಬಾಸ್ ಅನ್ನೋ ಮೀನು ಕಚ್ಚಿದರೆ, ಇಟ್ಟುಕೊಳ್ಳೋಕೆ ಅದು ಕನಿಷ್ಠ 14 ಇಂಚು ಉದ್ದ ಇರಬೇಕು, ಸೀಸನ್ ಬೇರೆ ಇದೆ. ಹೊರಡುವ ಮುಂಚೆ ಆ ವರ್ಷದ ನಿಯಮ ಒಂದು ಸಲ ಓದಿಕೊಳ್ಳಿ.

ಇನ್ನು ಸಾಮಾನು. ಮಕ್ಕಳಿಗೆ ಬಟನ್ ಒತ್ತುವ ರೀಲ್ ಇರುವ ರಾಡ್ ತಗೊಳ್ಳಿ, ಎರಡು ತುಂಡಾಗಿ ಬಿಚ್ಚುವಂಥದ್ದು. ಆರು ಪೌಂಡ್ ಭಾರ ತಡೆಯುವ ತಂಗೂಸಿ ದಾರ ಸಾಕು. ಬ್ಲೂಗಿಲ್‌ನ ಬಾಯಿ ಅಂಗಿ ಗುಂಡಿಯಷ್ಟೇ ಇರುವುದರಿಂದ ಕೊಕ್ಕೆ ಚಿಕ್ಕದಿರಬೇಕು: ನಂಬರ್ 8 ಅಥವಾ 10, ನೆಟ್ಟಗಿನ ಕಡ್ಡಿ ಭಾಗ ಉದ್ದ ಇರುವುದು. ನಂಬರ್ ಜಾಸ್ತಿಯಾದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳಿರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿಂದ ಸಲೀಸಾಗಿ ಬರುತ್ತದೆ, ಮಗುವಿನ ಬೆರಳಿಗೆ ಚುಚ್ಚಿದರೂ ಹಾಗೇ ಬರುತ್ತದೆ. ಕೊಕ್ಕೆ ಬಿಚ್ಚದೆ ರಾಡನ್ನು ಗಾಡಿಯೊಳಗೆ ತರುವ ಹಾಗಿಲ್ಲ, ಇದು ನಮ್ಮನೆ ಕಾನೂನು. ಅಷ್ಟು ಚಿಕ್ಕ ಜಾಗದಲ್ಲಿ ಹಾಸಿಗೆ, ಸೋಫಾ, ಚಪ್ಪಲಿ ಎಲ್ಲ ಒಂದೇ ಕಡೆ ಇರುತ್ತದೆ.

ಕೊಕ್ಕೆಯಿಂದ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡು ಕಚ್ಚಿಸುವುದು ನಮ್ಮ ರೂಢಿ. ಇಲ್ಲಿ ಸೀಸದ ಬದಲು ತವರದ್ದು ಸಿಗುತ್ತದೆ, ಅದನ್ನೇ ಕೊಳ್ಳಿ. ಕಳೆದುಹೋದ ಸೀಸ ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ. ಆ ಗುಂಡಿನ ಮೇಲೆ ಎರಡು ಮೂರು ಅಡಿ ಬಿಟ್ಟು ಬೆಂಡು. ಎರೆಹುಳು ಇಡೀ ಪೋಣಿಸಬೇಡಿ, ಜೋತಾಡುವ ತುದಿಯನ್ನು ಮೀನು ಕಿತ್ತುಕೊಂಡು ಹೋಗುತ್ತದೆ. ಒಂದಿಂಚು ತುಂಡು ಸಾಕು.

ಗಾಳವನ್ನು ದೂರ ಎಸೆಯೋಕೆ ಹೋಗಬೇಡಿ. ಕಳೆ ಮುಗಿಯುವ ಅಂಚು, ಬಿದ್ದ ಮರ, ಡಾಕ್‌ನ (ದಡದಿಂದ ನೀರಿನ ಮೇಲೆ ಚಾಚಿದ ಹಲಗೆ ಕಟ್ಟೆ) ನೆರಳು, ಅಲ್ಲೇ ಮೀನು. ಮೇ ಕೊನೆಯಿಂದ ಜೂನ್‌ವರೆಗೆ ದಡದ ಹತ್ತಿರ ತಳದಲ್ಲಿ ತಟ್ಟೆಯಷ್ಟಗಲದ ಗುಂಡನೆ ಕುಳಿಗಳು ಕಾಣಿಸಿದರೆ ಅವು ಬ್ಲೂಗಿಲ್ ಗೂಡುಗಳು. ಗಂಡುಮೀನು ಮೊಟ್ಟೆ ಕಾಯುತ್ತಾ ನಿಂತಿರುತ್ತದೆ. ಅಲ್ಲಿ ಸಿಕ್ಕಿದ್ದನ್ನು ನಾವು ಬಿಟ್ಟುಬಿಡುತ್ತೇವೆ.

ಬೆಂಡು ಮೊದಲು ಸುಮ್ನೆ ಅಲುಗುತ್ತದೆ. ಆಮೇಲೆ ಪಕ್ಕಕ್ಕೆ ಜಾರುತ್ತದೆ. ಮಗು ಆಗಲೇ ಎಳೆಯೋಕೆ ನೋಡುತ್ತದೆ, ತಡೆಯಿರಿ. ತೀರ್ಥಹಳ್ಳಿಯಲ್ಲಿ ತುಂಗೆ ದಡದಲ್ಲಿ ನನ್ನಮ್ಮ ನನಗೆ ಹೇಳುತ್ತಿದ್ದದ್ದನ್ನೇ ಹೋದ ವರ್ಷ ಇಲ್ಲಿ ನನ್ನ ಮಗಳಿಗೂ ಹೇಳಿದರು: "ಅದು ಮುಳುಗ್ಲಿ ಪುಟ್ಟಿ, ಮುಳುಗ್ಲಿ." ಬೆಂಡು ಪೂರ್ತಿ ಕಾಣದಾದಾಗ ರಾಡ್ ಮೇಲಕ್ಕೆ ಎತ್ತಿ, ಜಗ್ಗಬೇಡಿ. ಮೀನು ಅಡ್ಡಡ್ಡ ತಿರುಗಿ ಸುತ್ತು ಹೊಡೆಯುತ್ತದೆ, ಆ ಪುಟ್ಟ ಮೀನಿಗೆ ರಾಡ್ ಬಾಗುವುದು ನೋಡಿದರೆ ನಂಬೋಕೆ ಆಗಲ್ಲ.

ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಬಿಟ್ಟರೂ ಅದಕ್ಕೆ ರೋಗ ತಗುಲಬಹುದು. ಬೆನ್ನ ಮೇಲಿನ ರೆಕ್ಕೆಯಲ್ಲಿ ಚೂಪು ಮುಳ್ಳುಗಳಿವೆ. ತಲೆ ಕಡೆಯಿಂದ ಬಾಲದ ಕಡೆಗೆ ಅಂಗೈ ಸವರಿದರೆ ಅವು ಮಲಗುತ್ತವೆ, ಆಮೇಲೆ ಗಟ್ಟಿಯಾಗಿ ಹಿಡಿಯಬಹುದು. ಇದನ್ನು ಮಕ್ಕಳಿಗೆ ಕೈ ಹಿಡಿದು ತೋರಿಸಿ, ಬಾಯಲ್ಲಿ ಹೇಳಿದರೆ ಗೊತ್ತಾಗಲ್ಲ.

ಸಮಯ ಅಂದರೆ ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲ ಸಂಜೆ. ಜೂನ್‌ನಲ್ಲಿ ಲುಡಿಂಗ್ಟನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತೂವರೆ ಹೊತ್ತಿಗೆ, ಹಾಗಾಗಿ ಊಟ ಮುಗಿಸಿಕೊಂಡು ಹೋದರೂ ಗಂಟೆಗಟ್ಟಲೆ ಬೆಳಕಿರುತ್ತದೆ. ದೋಣಿಯಲ್ಲಿ ಆರು ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಲೇಬೇಕು ಅಂತ ಕಾನೂನಿದೆ. ನಾವು ಡಾಕ್ ಮೇಲೂ ಹಾಕುತ್ತೇವೆ.

ತಿನ್ನುವುದಾದರೆ ಮೊದಲು ರಾಜ್ಯದ ಆರೋಗ್ಯ ಇಲಾಖೆಯ 'ಈಟ್ ಸೇಫ್ ಫಿಶ್' ಗೈಡ್‌ನಲ್ಲಿ ಆ ಕೆರೆ ಹೆಸರು ನೋಡಿ. ಕೆಲವು ನೀರಿನ ಮೀನಿನಲ್ಲಿ ಪಾದರಸ, ಪಿಫಾಸ್ (PFAS) ಅನ್ನೋ ಬೇಗ ಕರಗದ ರಾಸಾಯನಿಕ ಇರುತ್ತದೆ, ತಿಂಗಳಿಗೆ ಎಷ್ಟು ತಿನ್ನಬಹುದು ಅಂತ ಅದರಲ್ಲಿದೆ. ಮೀನನ್ನು ಗಾಡಿಯ ಸಿಂಕ್‌ನಲ್ಲಿ ಮಾತ್ರ ಕ್ಲೀನ್ ಮಾಡಬೇಡಿ. ಹುರುಪೆ, ರಕ್ತ ಎಲ್ಲ ಕೆಳಗಿನ ಕೊಳೆನೀರಿನ ಟ್ಯಾಂಕಿಗೆ ಹೋಗಿ ಕೂರುತ್ತದೆ, ಮಾರನೇ ದಿನ ಬಿಸಿಲೇರಿದಾಗ ಒಳಗೆ ಕೂರೋಕೆ ಆಗಲ್ಲ. ಮೀನು ಕ್ಲೀನ್ ಮಾಡುವ ಕಟ್ಟೆ ಎಲ್ಲಿದೆ ಅಂತ ಪಾರ್ಕ್ ಆಫೀಸಿನಲ್ಲಿ ಕೇಳಿ. ಕರಿಯುವುದೂ ಹೊರಗೇ, ಗ್ಯಾಸ್ ಒಲೆ ಮೇಲೆ. ಖಾರದ ಪುಡಿ, ಅರಿಶಿನ, ಉಪ್ಪು, ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ. ಬ್ಲೂಗಿಲ್ ತೆಳು, ಒಂದೊಂದು ಮಗ್ಗುಲು ಮೂರು ನಿಮಿಷ ಬೇಯಿಸಿದರೆ ಆಯಿತು.

ಎರೆಹುಳು ಡಬ್ಬಿಗೆ ಬೇರೆ ಕೂಲರ್ ಇಡಿ. ಮೊಸರು, ದೋಸೆಹಿಟ್ಟು ಇರುವ ಫ್ರಿಜ್ಜಲ್ಲಿ ಅದನ್ನಿಟ್ಟರೆ ಮನೆಯಲ್ಲಿ ಯಾರೂ ಒಪ್ಪಲ್ಲ. ಹೊರಡುವ ದಿನ ಉಳಿದ ಹುಳುಗಳನ್ನು ಮರದ ಬುಡಕ್ಕೆ ಸುರಿಯಬೇಕು ಅಂತ ಅನಿಸುತ್ತದೆ. ನಮ್ಮ ಕಡೆ ಎರೆಹುಳು ರೈತನ ಮಿತ್ರ ಅಂತಲೇ ಕಲಿತವರು ನಾವು. ಆದರೆ ಹಿಮಯುಗದ ನಂತರ ಈ ಭಾಗದ ಕಾಡುಗಳಲ್ಲಿ ಎರೆಹುಳು ಇರಲೇ ಇಲ್ಲ, ಈಗ ಇರುವುದೆಲ್ಲ ಹೊರಗಿನಿಂದ ಬಂದವು. ನೆಲದ ತರಗೆಲೆಯನ್ನೆಲ್ಲ ತಿಂದುಹಾಕಿ ಎಳೆಗಿಡ ಏಳದ ಹಾಗೆ ಮಾಡುತ್ತವೆ. ಹಾಗಾಗಿ ಡಬ್ಬಿ ಮುಚ್ಚಳ ಹಾಕಿ ಕಸದ ತೊಟ್ಟಿಗೆ ಹಾಕಿ, ಕೆರೆಗೂ ಬೇಡ, ಮಣ್ಣಿಗೂ ಬೇಡ.