ಪ್ಯಾರಾಚೂಟ್ ಹೊತ್ತು ಏರ್‌ಪೋರ್ಟ್‌ಗೆ ಹೊರಟಿದ್ದೀರಾ? ಗೇಟಿಗೆ ಮುಂಚೆಯೇ ಮುಗಿಸಬೇಕಾದ ಕೆಲಸಗಳು

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ಈಗ ಹಾರಾಟದ ಆಸೆ ಇಟ್ಟುಕೊಂಡು ಊರು ಬಿಡುತ್ತಿದ್ದಾರೆ. ಕೆಲವರು ವಿಮಾನ ಕಲಿಯಲು ಬೆಂಗಳೂರಿನ ಜಕ್ಕೂರಿಗೆ ಹೋಗುತ್ತಾರೆ. ಕೆಲವರು ಸ್ಕೈಡೈವಿಂಗ್‌ಗೆ ಮೈಸೂರಿಗೆ ಹೋಗುತ್ತಾರೆ. ಮನೆಯವರು ಸಾಲ ಮಾಡಿ ಅಮೆರಿಕಕ್ಕೆ ಕಳಿಸುವುದೂ ಉಂಟು. ಹಾರುವುದನ್ನು ಕಲಿಸಲು ಅಲ್ಲಿ ಗುರುಗಳಿರುತ್ತಾರೆ. ಆದರೆ ಭದ್ರತೆಯ ನಿಯಮಗಳನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಎಷ್ಟೋ ಮಂದಿಯ ಸಮಯ, ದುಡ್ಡು ಹಾಳಾಗುವುದು ಇಲ್ಲೇ.

ಮೊದಲು, ಸಣ್ಣ ವಿಮಾನದ ಮೇಲೆ ಇಷ್ಟೊಂದು ಕಣ್ಣು ಯಾಕೆ? 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಹಳ್ಳಿಗಳ ಮೇಲೆ ಒಂದು ಆಂಟನೋವ್-26 ವಿಮಾನ ಹಾರಿ, ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆಗಳನ್ನು ಕೆಳಗೆ ಬಿಟ್ಟಿತು. ಒಳಗಿದ್ದದ್ದು ಎಕೆ-47 ಬಂದೂಕು, ಮದ್ದುಗುಂಡು. ಅದಕ್ಕೂ ಎಂಟು ವರ್ಷ ಮೊದಲು, 1987ರ ಮೇ 28ರಂದು, ಮಥಾಯಸ್ ರಸ್ಟ್ ಎಂಬ ಜರ್ಮನಿಯ 18ರ ಹುಡುಗ ಸೆಸ್ನಾ-172ರಲ್ಲಿ ಹೆಲ್ಸಿಂಕಿಯಿಂದ ಹೊರಟು ಮಾಸ್ಕೋದ ಕೆಂಪು ಚೌಕದ ಪಕ್ಕ ಇಳಿದುಬಿಟ್ಟ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಒಬ್ಬನೇ ಪೈಲಟ್ ಪುಟ್ಟ ವಿಮಾನದಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದು ಜಗತ್ತಿಗೆ ಗೊತ್ತಾಯಿತು. ದೊಡ್ಡ ವಿಮಾನದ ಪ್ರಯಾಣಿಕ ಗೇಟು ದಾಟಿಯೇ ಒಳಗೆ ಹೋಗಬೇಕು. ಸಣ್ಣ ವಿಮಾನಕ್ಕೂ ಪ್ಯಾರಾಚೂಟಿಗೂ ಆಕಾಶದಲ್ಲಿ ಗೇಟೇ ಇಲ್ಲ. ಹಾಗಾಗಿ ಎಲ್ಲ ತಪಾಸಣೆ ನೆಲದ ಮೇಲೇ ನಡೆಯುತ್ತದೆ. ಇದು ಅರ್ಥವಾದರೆ ಅರ್ಧ ಸಿಟ್ಟು ಇಳಿಯುತ್ತದೆ.

ಹಂತ 1: ಹೆಸರು ಒಂದೇ ಇರಲಿ

ನಮ್ಮ ಕಡೆಯವರು ಜಾಸ್ತಿ ಒದ್ದಾಡುವುದು ಇನಿಷಿಯಲ್ ವಿಷಯದಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಎಚ್.ಕೆ. ಮಂಜುನಾಥ್’ ಎಂದಿರುತ್ತದೆ. ಆಧಾರ್‌ನಲ್ಲಿ ‘ಮಂಜುನಾಥ ಎಚ್ ಕೆ’. ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ‘ಮಂಜುನಾಥ್ ಹಳೇಬೀಡು ಕೃಷ್ಣೇಗೌಡ’. ಊರಿನಲ್ಲಿ ಇದರಿಂದ ತೊಂದರೆ ಇಲ್ಲ. ಆದರೆ ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎ, ಪೊಲೀಸ್ ಠಾಣೆ, ವಿದೇಶದ ಕಚೇರಿ ಎಲ್ಲವೂ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತವೆ. ಹಾರಾಟದ ಶಾಲೆಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಸರಿಪಡಿಸಿಕೊಳ್ಳಿ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಒಳ್ಳೆಯದು. ಡಿಜಿಸಿಎ ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್ ಸಿಗಲು ಅಂಕಪಟ್ಟಿಯ ಪರಿಶೀಲನೆ ಆಗಲೇಬೇಕು.

ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು.

ಹಂತ 2: ಪಾಸ್ ಮತ್ತು ಪೊಲೀಸ್ ಪರಿಶೀಲನೆ

ವಿಮಾನ ನಿಲ್ದಾಣದೊಳಗೆ ಓಡಾಡುವ ಪಾಸ್‌ಗಳ ನಿಯಮ ಮಾಡುವುದು ಬಿಸಿಎಎಸ್ ಎಂಬ ಕೇಂದ್ರ ಸಂಸ್ಥೆ. 1976ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣವಾದ ಮೇಲೆ, 1978ರಲ್ಲಿ ಇದು ಡಿಜಿಸಿಎ ಒಳಗಿನ ಒಂದು ವಿಭಾಗವಾಗಿ ಶುರುವಾಯಿತು. ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಬಲಿಯಾದ ದುರಂತದ ನಂತರ, 1987ರಲ್ಲಿ, ಸ್ವತಂತ್ರ ಇಲಾಖೆಯಾಯಿತು. ಪ್ರಯಾಣಿಕರ ವಿಮಾನಗಳೂ ಬರುವ ನಿಲ್ದಾಣದಲ್ಲಿ ನೀವು ಕಲಿಯುತ್ತಿದ್ದರೆ ನಿಮಗೂ ಪಾಸ್ ಬೇಕು. ದಿನಾ ಹೋಗುವವರಾದರೂ ಮೈ ತಡವಿ ನೋಡುತ್ತಾರೆ, ಬ್ಯಾಗು ಎಕ್ಸ್‌ರೇಗೆ ಹೋಗುತ್ತದೆ.

ಪಾಸ್ ಸಿಗುವ ಮುಂಚೆ ಹಿನ್ನೆಲೆ ಪರಿಶೀಲನೆ ಇರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ರೂಮು, ಕಾಯಂ ವಿಳಾಸ ಮೂಡಿಗೆರೆಯ ತೋಟದ ಮನೆ ಎಂದಿದ್ದರೆ ಎರಡೂ ಕಡೆಯ ಠಾಣೆಯಿಂದ ವಿಚಾರಣೆ ಬರಬಹುದು. ಆ ದಿನಗಳಲ್ಲಿ ಫೋನ್ ಸಿಗುವ ಕಡೆ ಇರಿ. ಮನೆಯವರಿಗೂ ಮೊದಲೇ ಹೇಳಿಡಿ. ಪೊಲೀಸರು ಬಾಗಿಲಿಗೆ ಬಂದರೆ ಅಮ್ಮಂದಿರು ಗಾಬರಿಯಾಗುತ್ತಾರೆ, ಅಲ್ವಾ? ಪಾಸ್ ಕಳೆದುಹೋದರೆ ತಕ್ಷಣ ದೂರು ಕೊಡಿ. ಎರಡು ದಿನ ಹುಡುಕಿ ನೋಡೋಣ ಎಂದು ಸುಮ್ನೆ ಕೂರಬೇಡಿ. ಬೇರೆಯವರಿಗೆ ಅದು ಸಿಕ್ಕರೆ ಉತ್ತರ ಹೇಳಬೇಕಾದವರು ನೀವೇ.

ಹಂತ 3: ಮೇಲೇರುವ ಮುಂಚೆ

ಫ್ಲೈಟ್ ಪ್ಲಾನ್ ಕೊಟ್ಟರೆ ಮುಗಿಯಲಿಲ್ಲ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದಾದರೆ ವಾಯು ರಕ್ಷಣೆಯವರ ಎಡಿಸಿ ನಂಬರ್, ಅಂದರೆ ಅವರ ಅನುಮತಿಯ ಸಂಖ್ಯೆ ಬೇಕು. ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಇಲ್ಲದ ಏರ್‌ಸ್ಟ್ರಿಪ್ ಅಥವಾ ಹೆಲಿಪ್ಯಾಡ್‌ನಿಂದ ಹೊರಡುವುದಾದರೆ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರದ) ನಂಬರ್ ಕೂಡ ಪಡೆಯಬೇಕು. ರೇಡಾರ್ ಮುಂದೆ ಕೂತವರಿಗೆ ಪರದೆಯ ಚುಕ್ಕಿ ನಿಮ್ಮದೇ ಎಂದು ಗೊತ್ತಾಗುವುದು ಇವುಗಳಿಂದ. ನಂಬರ್ ಬರುವುದು ತಡವಾಯಿತೆಂದು ಹಾಗೇ ವಿಮಾನ ಮೇಲೇರಿಸುವುದು ದೊಡ್ಡ ತಪ್ಪು.

ರೇಡಾರ್‌ಗೆ ನಿಮ್ಮ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನ ಕೋಡ್‌ಗಳನ್ನು ಬಾಯಿಪಾಠ ಮಾಡಿ: 7500 ಅಪಹರಣ, 7600 ರೇಡಿಯೊ ಕೆಟ್ಟಿದೆ, 7700 ತುರ್ತು. ತಿರುಗಿಸುವ ಗುಂಡಿಯ ಹಳೆಯ ಟ್ರಾನ್ಸ್‌ಪಾಂಡರ್ ಆಗಿದ್ದರೆ, ಕೋಡ್ ಬದಲಿಸುವಾಗ 7500 ಮೇಲೆ ಹಾದುಹೋಗದಂತೆ ನೋಡಿಕೊಳ್ಳಿ. ದಾರಿ ತಪ್ಪಿ ಎಲ್ಲೋ ನುಗ್ಗಿದ್ದೀರಿ, ಪಕ್ಕದಲ್ಲಿ ಯುದ್ಧವಿಮಾನ ಬಂದು ರೆಕ್ಕೆ ಅಲ್ಲಾಡಿಸಿತು ಎಂದುಕೊಳ್ಳಿ. ನೀವೂ ರೆಕ್ಕೆ ಅಲ್ಲಾಡಿಸಿ, ಅದರ ಹಿಂದೆ ಹೋಗಿ. ರೇಡಿಯೊದಲ್ಲಿ 121.5 ಮೆಗಾಹರ್ಟ್ಸ್‌ಗೆ ಬಂದು ಮಾತಾಡಿ.

ಆಕಾಶ ಮುಚ್ಚುವ ದಿನಗಳೂ ಇವೆ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಓದದೆ ಹೊರಡಬೇಡಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ ಹತ್ತಿರ ಬಂದಾಗ ದೆಹಲಿ ಪೊಲೀಸರು ಪ್ಯಾರಾಗ್ಲೈಡರ್, ಪ್ಯಾರಾಮೋಟರ್, ಬಿಸಿಗಾಳಿ ಬಲೂನು, ಸಣ್ಣ ವಿಮಾನ, ವಿಮಾನದಿಂದ ಜಿಗಿಯುವುದು ಎಲ್ಲವನ್ನೂ ನಿಷೇಧಿಸುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷರು ಎಲ್ಲಿಗೆ ಹೋದರೂ ಸುತ್ತ ಸಾಮಾನ್ಯವಾಗಿ 30 ನಾಟಿಕಲ್ ಮೈಲಿ, ಅಂದರೆ ಸುಮಾರು 55 ಕಿಲೋಮೀಟರ್ ವೃತ್ತದಲ್ಲಿ ಹಾರಾಟದ ಪಾಠವೂ ನಿಲ್ಲುತ್ತದೆ, ಸ್ಕೈಡೈವಿಂಗೂ ನಿಲ್ಲುತ್ತದೆ. ಅಂಥ ವೃತ್ತವನ್ನು ಹಾಸನದ ಮೇಲೆ ಎಳೆದರೆ ಬೇಲೂರು, ಅರಸೀಕೆರೆ, ಸಕಲೇಶಪುರ, ಚನ್ನರಾಯಪಟ್ಟಣ ಎಲ್ಲ ಒಳಗೆ ಬರುತ್ತವೆ. ಚಿಕ್ಕಮಗಳೂರು ಪೇಟೆಯೂ ತಪ್ಪುವುದಿಲ್ಲ. ಒಂದು ಸಣ್ಣ ಹಾರಾಟದ ಶಾಲೆಗೆ ಆ ದಿನದ ಸಂಪಾದನೆ ಪೂರ್ತಿ ಹೋಯಿತು. ದೊಡ್ಡ ಏರ್‌ಲೈನ್ಸ್‌ಗೆ ಇಷ್ಟು ಪೆಟ್ಟು ಬೀಳುವುದಿಲ್ಲ. ನಿಯಮ ಬೇಕು, ಒಪ್ಪುತ್ತೇನೆ. ಆದರೆ ಸಣ್ಣವರಿಗೆ ಮುಂಚಿತವಾಗಿ ತಿಳಿಸುವ ಜವಾಬ್ದಾರಿಯೂ ನಿಯಮ ಮಾಡುವವರದ್ದೇ.

ಹಂತ 4: ಪ್ಯಾರಾಚೂಟ್ ಎಕ್ಸ್‌ರೇಗೆ ಹೋದಾಗ

ಸ್ವಂತ ಪ್ಯಾರಾಚೂಟ್ ಇರುವವರು ಇದನ್ನು ನಿಧಾನವಾಗಿ ಓದಿ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬೇರೆ ಊರಿಗೆ ಜಿಗಿಯಲು ಹೊರಟಿದ್ದೀರಿ. ಎಕ್ಸ್‌ರೇ ಪರದೆಯ ಮೇಲೆ ನಿಮ್ಮ ಚೀಲ ಹೇಗೆ ಕಾಣುತ್ತದೆ ಯೋಚಿಸಿ. ಬಿಗಿಯಾಗಿ ಮಡಿಸಿದ ಬಟ್ಟೆ, ಉಕ್ಕಿನ ಸ್ಪ್ರಿಂಗ್, ಕಬ್ಬಿಣದ ಬಳೆಗಳು. ಮಧ್ಯದಲ್ಲಿ ಬ್ಯಾಟರಿ, ವೈರು ಇರುವ ಒಂದು ಪುಟ್ಟ ಪೆಟ್ಟಿಗೆ. ತಪಾಸಣೆಯವರು ನಿಲ್ಲಿಸದಿದ್ದರೇ ಆಶ್ಚರ್ಯ.

ಆ ಪೆಟ್ಟಿಗೆಯೇ ಎಎಡಿ. ಜಿಗಿದವನು ಪ್ರಜ್ಞೆ ತಪ್ಪಿ ಕೈ ಆಡಿಸದೇ ಇದ್ದರೆ, ತಾನಾಗಿ ರಿಸರ್ವ್ (ತುರ್ತಿಗೆಂದು ಇರುವ ಎರಡನೆಯ) ಪ್ಯಾರಾಚೂಟ್ ಬಿಚ್ಚುವ ಯಂತ್ರ. 1991ರಿಂದ ಬಳಕೆಯಲ್ಲಿರುವ ಜರ್ಮನಿಯ ಸೈಪ್ರೆಸ್ ಇದರಲ್ಲಿ ಹೆಸರುವಾಸಿ. ಅದರ ಅನುಭವಿಗಳ ಮಾದರಿ ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲಿ ಕೆಲಸ ಮಾಡುತ್ತದೆ. ಒಳಗಿನ ಕಟ್ಟರ್‌ನಲ್ಲಿ ಅತಿ ಚಿಕ್ಕ ಸಿಡಿಮದ್ದು ಇರುತ್ತದೆ. ಅದು ಪುಟ್ಟ ಬ್ಲೇಡನ್ನು ತಳ್ಳಿ ರಿಸರ್ವ್ ಕಟ್ಟಿದ ಹುರಿಯನ್ನು ಕತ್ತರಿಸುತ್ತದೆ. ಕೇಳಿದರೆ ಇದನ್ನು ಮುಚ್ಚಿಡಬೇಡಿ. ಉಪಕರಣದ ಹೆಸರು, ಕೆಲಸ ಹೇಳಿ, ತಯಾರಕರು ಕೊಡುವ ಎಕ್ಸ್‌ರೇ ಚಿತ್ರದ ಕಾರ್ಡ್ ತೋರಿಸಿ.

ಮನೆ ಬಿಡುವ ಕೆಲವು ದಿನ ಮುಂಚೆಯೇ ಏರ್‌ಲೈನ್ಸ್‌ಗೆ ಬರೆದು ಒಪ್ಪಿಗೆಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಕೌಂಟರ್‌ನಲ್ಲಿ ನಡೆಯುವುದಿಲ್ಲ. ರಿಗ್ ಅನ್ನು, ಅಂದರೆ ಪ್ಯಾರಾಚೂಟ್ ತುಂಬಿದ ಇಡೀ ಚೀಲವನ್ನು, ಕೈಚೀಲವಾಗಿಯೇ ಒಯ್ಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ, ತೆರೆಯಿರಿ ಎಂದಾಗ ನೀವು ಪಕ್ಕದಲ್ಲಿರುತ್ತೀರಿ. ಆದರೆ ನಮ್ಮಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ರಿಗ್ ಅದಕ್ಕಿಂತ ಭಾರ ಇರುತ್ತದೆ. ಇಮೇಲ್‌ನಲ್ಲಿ ತೂಕವನ್ನೂ ಬರೆಯಿರಿ. ಚೆಕ್-ಇನ್‌ಗೆ ಕೊಡಬೇಕಾಗಿ ಬಂದರೆ ಬೇರೆ ಬಟ್ಟೆಬರೆ ಸೇರಿಸದೆ ರಿಗ್ ಒಂದನ್ನೇ ಇಡಿ.

ಹುಕ್ ನೈಫ್ (ಹುರಿ ಕತ್ತರಿಸುವ ಕೊಕ್ಕೆ ಚಾಕು) ಕೈಚೀಲದಲ್ಲಿ ಬೇಡ, ಚೆಕ್-ಇನ್‌ಗೆ ಹಾಕಿ. ಪೈಲಟ್‌ಗಳ ಸ್ಕ್ರೂಡ್ರೈವರ್, ಮಲ್ಟಿಟೂಲ್ ಕೂಡ ಅಲ್ಲಿಗೇ. ಪವರ್ ಬ್ಯಾಂಕ್, ಕ್ಯಾಮೆರಾದ ಬಿಡಿ ಬ್ಯಾಟರಿ ಮಾತ್ರ ಇದಕ್ಕೆ ತದ್ವಿರುದ್ಧ, ಅವು ಕೈಚೀಲದಲ್ಲೇ ಇರಬೇಕು.

ಅಧಿಕಾರಿ ಚೀಲ ಬಿಚ್ಚಲು ಹೊರಟರೆ ‘ಸರ್, ಈ ಹಿಡಿ ಎಳೆದರೆ ಪ್ಯಾರಾಚೂಟ್ ಹೊರಬರುತ್ತದೆ, ನಾನೇ ತೋರಿಸುತ್ತೇನೆ’ ಎಂದು ಮೃದುವಾಗಿ ಹೇಳಿ. ರಿಸರ್ವ್ ಒಮ್ಮೆ ಹೊರಬಂದರೆ ತರಬೇತಾದ ರಿಗ್ಗರ್ ಮತ್ತೆ ಮಡಿಸುವವರೆಗೆ ಜಿಗಿಯುವಂತಿಲ್ಲ. ಒಪ್ಪದಿದ್ದರೆ ಮೇಲಧಿಕಾರಿಯನ್ನು ಕರೆಸಲು ಕೇಳಿ. ವಾದಕ್ಕೆ ಇಳಿಯಬೇಡಿ, ಕೊನೆಯ ಮಾತು ಅವರದ್ದೇ. ಅಮೆರಿಕದ ಟಿಎಸ್‌ಎ (ಸಾರಿಗೆ ಭದ್ರತಾ ಸಂಸ್ಥೆ) ಈ ವಿಷಯದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದೆ: ಎಎಡಿ ಇದ್ದರೂ ಕೈಚೀಲ, ಚೆಕ್-ಇನ್ ಎರಡರಲ್ಲೂ ಒಯ್ಯಬಹುದು, ತೆರೆಯಬೇಕಾದರೆ ಮಾಲೀಕ ಜೊತೆಗಿರಬೇಕು, ಅರ್ಧ ಗಂಟೆ ಮುಂಚೆ ಬನ್ನಿ. ನಮ್ಮ ಪ್ರತಿ ನಿಲ್ದಾಣದ ಗೋಡೆಯ ಮೇಲೂ ಇಂಥದ್ದೊಂದು ಪುಟ ಅಂಟಿಸಬೇಕು. ತಪಾಸಣೆಯವರಿಗೂ ಅದರಿಂದ ಕೆಲಸ ಹಗುರ.

ಹಂತ 5: ಅಮೆರಿಕಕ್ಕೆ ಕಲಿಯಲು ಹೋಗುವವರು

2001ರ ಸೆಪ್ಟೆಂಬರ್ 11ರ ದಾಳಿ ಮಾಡಿದವರಲ್ಲಿ ವಿಮಾನ ನಡೆಸಿದವರು ಅಮೆರಿಕದ ಶಾಲೆಗಳಲ್ಲೇ ಹಾರಾಟ ಕಲಿತಿದ್ದರು. ಹಾಗಾಗಿ ಅಲ್ಲಿ ವಿದೇಶಿ ವಿದ್ಯಾರ್ಥಿಗೆ ವೀಸಾ ಒಂದೇ ಸಾಲದು. ಟಿಎಸ್‌ಎಗೆ ಬೇರೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಒಪ್ಪಿಗೆ ಬಂದ ಮೇಲೇ ಪಾಠ ಶುರು. ಅದು ಬರುವವರೆಗಿನ ಊಟ, ಬಾಡಿಗೆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಾಪಸ್ ಬರುವಾಗ ಸ್ಯಾಟಲೈಟ್ ಫೋನ್ ತರಬೇಡಿ. ಅಲ್ಲಿನ ಪೈಲಟ್‌ಗಳು ಇಟ್ಟುಕೊಳ್ಳುವ ಗಾರ್ಮಿನ್ ಇನ್‌ರೀಚ್‌ನಂಥ ಸಂದೇಶ ಕಳಿಸುವ ಉಪಕರಣಕ್ಕೂ ಇದೇ ಮಾತು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇವನ್ನು ಇಟ್ಟುಕೊಳ್ಳುವಂತಿಲ್ಲ. ನಿಲ್ದಾಣದಲ್ಲಿ ಸಿಕ್ಕಿದರೆ ಪೊಲೀಸ್ ಕೇಸ್ ಆಗಬಹುದು. ಹೊರಡುವ ಮುಂಚೆ ಅಲ್ಲೇ ಮಾರಿಬಿಡಿ, ಇಲ್ಲವೇ ಗೆಳೆಯರ ಬಳಿ ಬಿಟ್ಟು ಬನ್ನಿ.