ಟೋಟಲ್ ಲಾಸ್ ಆದ ಕಾರನ್ನ ರಿಪೇರಿ ಮಾಡಿಸಿದ್ರೆ ಮತ್ತೆ ಇನ್ಶೂರೆನ್ಸ್ ಮಾಡಿಸೋದು ಹೇಗೆ?

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ಬೆಂಗಳೂರಿನವರು ಯಾರೂ ಮರೆತಿರಲ್ಲ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟಲ್ಲಿ ನಿಲ್ಲಿಸಿದ್ದ ಕಾರುಗಳೆಲ್ಲ ನೀರಲ್ಲಿ ಮುಳುಗಿದ್ವು, ಅದರಲ್ಲಿ ನಮ್ಮ ಭಾವನ ಕಾರೂ ಒಂದು. ನೀರು ಇಳಿದ ಮೇಲೆ ಟೋಯಿಂಗ್ ಮಾಡಿಸಿ ಸರ್ವಿಸ್ ಸೆಂಟರ್‌ಗೆ ಹಾಕಿದ್ವಿ, ಇನ್ಶೂರೆನ್ಸ್ ಕಡೆಯಿಂದ ನಷ್ಟ ಅಂದಾಜು ಮಾಡೋ ಸರ್ವೇಯರ್ ಬಂದ್ರು, ಎಸ್ಟಿಮೇಟ್ ನೋಡಿದ್ರು, ಟೋಟಲ್ ಲಾಸ್ ಅಂತ ಬರೆದ್ರು. ಅಕ್ಕಂಗೆ ಮಾತ್ರ ಕಾರು ಬಿಡೋಕೆ ಮನಸ್ಸಿಲ್ಲ. ಸರಿ, ಕಾರು ಇಟ್ಕೊಂಡು ಹೊರಗಡೆ ರಿಪೇರಿ ಮಾಡಿಸಿದ್ವಿ. ಆಮೇಲೆ ಗೊತ್ತಾಗಿದ್ದು, ರಿಪೇರಿಗಿಂತ ಮತ್ತೆ ಫುಲ್ ಇನ್ಶೂರೆನ್ಸ್ ಮಾಡಿಸೋದೇ ದೊಡ್ಡ ಕೆಲಸ ಅಂತ. ಆಗ ನಾವು ಓಡಾಡಿ ತಿಳ್ಕೊಂಡಿದ್ದನ್ನೆಲ್ಲ ಇಲ್ಲಿ ಹೇಳ್ತೀನಿ, ಯಾರಿಗಾದ್ರೂ ಮೂರು ತಿಂಗಳ ಅಲೆದಾಟ ತಪ್ಪಬಹುದು.

ಮೊದಲು ಲೆಕ್ಕ ಅರ್ಥ ಮಾಡ್ಕೊಳ್ಳಿ

ಟೋಟಲ್ ಲಾಸ್ ಅಂದ್ರೆ ಕಾರು ಸತ್ತೇಹೋಯ್ತು ಅಂತಲ್ಲ. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರತ್ತೆ, ಆ ವರ್ಷಕ್ಕೆ ಇನ್ಶೂರೆನ್ಸ್ ಕಂಪನಿ ನಿಮ್ಮ ಕಾರಿಗೆ ಕಟ್ಟಿರೋ ಬೆಲೆ ಅದು. ಹೊಸ ಕಾರಿನ ಬೆಲೆಯಿಂದ ವರ್ಷಕ್ಕೆ ಇಂತಿಷ್ಟು ಅಂತ ಕಳೀತಾ ಬರ್ತಾರೆ, ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50. ರಿಪೇರಿ ಖರ್ಚು ಈ ಐಡಿವಿಯ ಶೇ 75 ದಾಟಿದ್ರೆ ಅದನ್ನ ಟೋಟಲ್ ಲಾಸ್ ಲೆಕ್ಕಕ್ಕೆ ತಗೋತಾರೆ. ಭಾವನ ಕಾರಿನ ಐಡಿವಿ 4,20,000, ಅದರ ಮುಕ್ಕಾಲು ಭಾಗ 3,15,000, ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟ್ 3,80,000. ಮುಗೀತು.

ಈ ಎಸ್ಟಿಮೇಟಲ್ಲಿ ಪ್ರತಿಯೊಂದು ಪಾರ್ಟೂ ಹೊಸದು ಅಂತ ಹಾಕಿರ್ತಾರೆ. ಸೀಟು, ಕಾರ್ಪೆಟ್, ವೈರಿಂಗ್, ಇಸಿಯು ಅನ್ನೋ ಇಂಜಿನ್ನಿನ ಕಂಪ್ಯೂಟರ್, ಡೋರ್ ಮೋಟಾರು ಯಾವುದನ್ನೂ ಬಿಡಲ್ಲ. ಒಳ್ಳೆ ಗ್ಯಾರೇಜಲ್ಲಿ ಅದರಲ್ಲಿ ಎಷ್ಟೋ ಪಾರ್ಟು ಬಿಚ್ಚಿ ಒಣಗಿಸಿ ಸರಿ ಮಾಡ್ತಾರೆ, ಅದಕ್ಕೇ ಹೊರಗಡೆ ಅರ್ಧ ಖರ್ಚಲ್ಲಿ ಆಗತ್ತೆ. ಆದ್ರೆ ಚಾಸಿಸ್ ಬಾಗಿದ್ರೆ, ಪಿಲ್ಲರ್ ಮಡಚಿದ್ರೆ, ಅಂಥ ಕಾರನ್ನ ದಯವಿಟ್ಟು ಮತ್ತೆ ರಸ್ತೆಗೆ ತರಬೇಡಿ, ಒಳಗೆ ಕೂರೋದು ಮನೆಯವರೇ ಅಲ್ವಾ.

ಸಹಿ ಹಾಕೋಕೆ ಮುಂಚೆ ಕೇಳ್ಬೇಕಾದ್ದು

ಕ್ಲೇಮ್ ಸೆಟಲ್ ಆಗೋ ದಾರಿ ಒಂದೇ ಅಲ್ಲ, ಇದನ್ನ ಎಷ್ಟೋ ಜನಕ್ಕೆ ಯಾರೂ ಹೇಳಲ್ಲ. ಒಂದು, ಕಂಪನಿ ಪೂರ್ತಿ ಐಡಿವಿ ಕೊಡತ್ತೆ, ಕೆಟ್ಟ ಕಾರು ಅವರು ಹೇಳಿದವರಿಗೆ ಹೋಗತ್ತೆ. ಇನ್ನೊಂದು ನೆಟ್ ಆಫ್ ಸಾಲ್ವೇಜ್, ಅಂದ್ರೆ ಆ ಕೆಟ್ಟ ಕಾರಿಗೆ ಗುಜರಿಯವರು, ಡೀಲರ್‌ಗಳು ಎಷ್ಟು ಕೊಡ್ತಾರೆ ಅಂತ ಕೊಟೇಶನ್ ತರಿಸಿ ಅಷ್ಟನ್ನ ಐಡಿವಿಯಲ್ಲಿ ಕಳೆದು ಮಿಕ್ಕಿದ್ದು ನಿಮಗೆ, ಕಾರೂ ನಿಮಗೆ. ನಮಗೆ ಸಾಲ್ವೇಜ್ 1,30,000 ಅಂತ ಬಂತು, 4,20,000ದಲ್ಲಿ ಅದು ಹೋಗಿ, ಕ್ಲೇಮಲ್ಲಿ ನಾವೇ ಹೊರಬೇಕಾದ ಕಂಪಲ್ಸರಿ ಕಡಿತ 1,000 ಹೋಗಿ, ಕೈಗೆ 2,89,000 ಬಂತು. ರಿಪೇರಿಗೆ 1,85,000 ಆಯ್ತು. ಕಾರಿನ ಮೇಲೆ ಸಾಲ ಇದ್ರೆ ಮಾತ್ರ ದುಡ್ಡು ಮೊದಲು ಹೋಗೋದು ಬ್ಯಾಂಕಿಗೆ, ಅದನ್ನ ಲೆಕ್ಕದಲ್ಲಿ ಇಟ್ಕೊಳ್ಳಿ.

ಇಲ್ಲೇ ಅತಿ ಮುಖ್ಯವಾದ ಪ್ರಶ್ನೆ: ಆರ್‌ಸಿ ಏನಾಗತ್ತೆ? ಕಾರು ಇನ್ನು ಯಾವತ್ತೂ ಓಡಲ್ಲ ಅನ್ನೋ ಸ್ಥಿತಿ ಇದ್ರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಆರ್‌ಸಿ ರದ್ದು ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳತ್ತೆ. ಆರ್‌ಸಿ ರದ್ದಾದ ಕಾರಿಗೆ ನೀವು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿಸಿದ್ರೂ ಇನ್ಶೂರೆನ್ಸ್ ಸಿಗಲ್ಲ. ಹಾಗಾಗಿ ಕಾರು ಇಟ್ಕೊಳ್ಳೋ ಯೋಚನೆ ಇದ್ರೆ, ಇಷ್ಟು ದುಡ್ಡಿಗೆ ಕ್ಲೇಮ್ ಮುಗೀತು ಅಂತ ಒಪ್ಪೋ ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕೋ ಮುಂಚೆಯೇ ಕಂಪನಿಗೆ ಮೇಲ್ ಹಾಕಿ, ಆರ್‌ಸಿ ಉಳಿಯತ್ತಾ, ಹಳೇ ಪಾಲಿಸಿಯ ಥರ್ಡ್ ಪಾರ್ಟಿ ಭಾಗ (ನಿಮ್ಮ ಕಾರಿಂದ ಬೇರೆಯವರಿಗೆ ಆಗೋ ಹಾನಿಗೆ ಪರಿಹಾರ ಕೊಡೋದು) ಇನ್ನೂ ಚಾಲ್ತಿಯಲ್ಲಿ ಇರತ್ತಾ ಅಂತ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಸರ್ವೇಯರ್ ರಿಪೋರ್ಟಿನ ಕಾಪಿನೂ ಆಗಲೇ ಕೇಳಿ, ಪಾಲಿಸಿದಾರರಾಗಿ ಅದನ್ನ ಕೇಳೋ ಹಕ್ಕು ನಿಮಗಿದೆ, ಮುಂದೆ ಅದೇ ಕೆಲಸಕ್ಕೆ ಬರೋದು.

ರಿಪೇರಿ ಹೊತ್ತಲ್ಲೇ ಫೈಲ್ ಶುರು ಮಾಡಿ

ಅಮೆರಿಕದಲ್ಲಿರೋ ನಮ್ಮವರಿಗೆ ಇದು ಗೊತ್ತಿರತ್ತೆ, ಅಲ್ಲಿ ಇಂಥ ಕಾರಿನ ಟೈಟಲ್ ಮೇಲೇ ಸಾಲ್ವೇಜ್ ಅಂತ ಬೀಳತ್ತೆ, ರಿಪೇರಿಯಾಗಿ ರಾಜ್ಯದ ನಿಯಮದ ಪ್ರಕಾರ ತಪಾಸಣೆ ಎಲ್ಲ ಮುಗಿದ ಮೇಲೆ ರೀಬಿಲ್ಟ್ ಅಂತ ಆಗತ್ತೆ. ನಮ್ಮ ಆರ್‌ಸಿಯಲ್ಲಿ ಹಾಗೆ ಯಾವ ಗುರುತೂ ಇರಲ್ಲ. ಅನುಕೂಲ ಅನ್ಸತ್ತೆ, ಆದ್ರೆ ಕಾರು ಸರಿಯಾಗಿದೆ ಅಂತ ಹೇಳೋ ಸರ್ಕಾರಿ ಕಾಗದವೂ ಇರಲ್ಲ, ಅದನ್ನ ನೀವೇ ತೋರಿಸ್ಬೇಕು. ಅದಕ್ಕೇ ಫೈಲ್.

ರಿಪೇರಿಗೆ ಮುಂಚೆ, ಬಿಚ್ಚಿದಾಗ, ಮುಗಿದ ಮೇಲೆ ಫೋಟೋ ತೆಗೀರಿ. ಪಾರ್ಟುಗಳಿಗೆಲ್ಲ ಜಿಎಸ್‌ಟಿ ಬಿಲ್ ಇರ್ಲಿ, ಕಚ್ಚಾ ಬಿಲ್ ಕೊಟ್ಟು ಸ್ವಲ್ಪ ಕಡಿಮೆ ಮಾಡ್ತೀವಿ ಅಂತಾರೆ, ಬೇಡ ಅನ್ನಿ. ಆಕ್ಸಿಡೆಂಟ್ ಆಗಿದ್ರೆ ವೀಲ್ ಅಲೈನ್‌ಮೆಂಟ್ ರಿಪೋರ್ಟ್, ಏರ್‌ಬ್ಯಾಗ್ ಬಿಚ್ಚಿಕೊಂಡಿದ್ರೆ ಹೊಸ ಏರ್‌ಬ್ಯಾಗಿನ ಬಿಲ್ ಬೇಕು. ನೀರಲ್ಲಿ ಮುಳುಗಿದ್ದಾದ್ರೆ ಸ್ಕ್ಯಾನರ್ ಹಾಕಿ ಎಲ್ಲಾ ಮಾಡ್ಯೂಲ್ ಸರಿಯಾಗಿದೆ ಅನ್ನೋ ಪ್ರಿಂಟ್ ಬೇಕು. ಮುಳುಗಿದ ಕಾರಲ್ಲಿ ಕನೆಕ್ಟರ್‌ಗಳು ಆರು ತಿಂಗಳಾದ ಮೇಲೆ ತುಕ್ಕು ಹಿಡಿದು ತೊಂದರೆ ಕೊಡ್ತವೆ, ಅದಕ್ಕೆ ನಾವು ವೈರಿಂಗಿಗೆ ಮಾತ್ರ ದುಡ್ಡು ಉಳಿಸೋಕೆ ಹೋಗ್ಲಿಲ್ಲ.

ಇಂಜಿನ್ನೇ ಬದಲಾಯಿಸಿದ್ರೆ ಆರ್‌ಟಿಓ ಅನುಮತಿ ತಗೊಂಡು ಹೊಸ ಇಂಜಿನ್ ನಂಬರ್ ಆರ್‌ಸಿಗೆ ಸೇರಿಸಬೇಕು. ಇನ್ಸ್‌ಪೆಕ್ಷನ್‌ಗೆ ಬಂದವರು ಮೊದಲು ನೋಡೋದೇ ಚಾಸಿಸ್ ನಂಬರ್, ಇಂಜಿನ್ ನಂಬರ್. ಕದ್ದ ಕಾರಿಗೆ ಟೋಟಲ್ ಲಾಸ್ ಕಾರಿನ ನಂಬರ್, ಕಾಗದ ಅಂಟಿಸಿ ಮಾರೋ ದಂಧೆ ಇರೋದ್ರಿಂದ ನಂಬರ್ ಸ್ವಲ್ಪ ಅಸ್ಪಷ್ಟ ಕಂಡ್ರೂ ಅನುಮಾನ ಬರತ್ತೆ, ಟಿಂಕರಿಂಗ್ ಮಾಡೋರಿಗೆ ಆ ಜಾಗ ಮುಟ್ಟಬೇಡಿ ಅಂತ ಮೊದಲೇ ಹೇಳಿ.

ರಸ್ತೆಗೆ ಇಳಿಸೋ ಮುಂಚೆ ಥರ್ಡ್ ಪಾರ್ಟಿ

ಇದು ಸುಲಭದ ಭಾಗ. ಪಾಲಿಸಿ ಮುಗಿದಿದ್ರೆ ಅಥವಾ ಕ್ಯಾನ್ಸಲ್ ಆಗಿದ್ರೆ ಮೊದಲು ಥರ್ಡ್ ಪಾರ್ಟಿ ಪಾಲಿಸಿ ಮಾಡಿಸಿ, ಇದರ ದರ ಸರ್ಕಾರ ನಿಗದಿ ಮಾಡೋದು, ಕಾರಿನ ಹಿಂದಿನ ಕಥೆಗೂ ಇದಕ್ಕೂ ಸಂಬಂಧ ಇಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897, ಇದರ ಮೇಲೆ ಜಿಎಸ್‌ಟಿ. ಇದಿಲ್ಲದೆ ಗ್ಯಾರೇಜಿಂದ ಮನೆವರೆಗೂ ಓಡಿಸಬೇಡಿ, ಟ್ರಯಲ್ ನೋಡ್ತೀನಿ ಅಂತ ಮೆಕ್ಯಾನಿಕ್ಕಿಗೂ ಕೊಡಬೇಡಿ. ಸಿಕ್ಕಿಬಿದ್ರೆ ಮೊದಲ ಸಲ 2,000 ದಂಡ, ಎರಡನೇ ಸಲ 4,000, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ಯಾರಿಗಾದ್ರೂ ಗುದ್ದಿದ್ರೆ ಪರಿಹಾರ ಪೂರ್ತಿ ನಿಮ್ಮ ತಲೆ ಮೇಲೆ. ಎಮಿಷನ್ ಟೆಸ್ಟೂ ಅವತ್ತೇ ಮುಗಿಸಿ.

ಈಗ ಫುಲ್ ಇನ್ಶೂರೆನ್ಸ್

ಸ್ವಂತ ಕಾರಿನ ಡ್ಯಾಮೇಜ್‌ಗೆ ಕವರ್ ಕೊಡಬೇಕಾ ಬೇಡ್ವಾ ಅನ್ನೋದು ಕಂಪನಿಗೆ ಬಿಟ್ಟಿದ್ದು. ಥರ್ಡ್ ಪಾರ್ಟಿ ಚಾಲ್ತಿಯಲ್ಲಿದ್ರೆ ಓನ್ ಡ್ಯಾಮೇಜ್ ಮಾತ್ರ ಬೇರೆ ಕಂಪನಿಯಲ್ಲೂ ತಗೋಬಹುದು, ಹಾಗಾಗಿ ಹಳೇ ಕಂಪನಿ ಬೇಡ ಅಂದ್ರೆ ಅಲ್ಲಿಗೇ ನಿಲ್ಲಬೇಡಿ. ನಮಗೆ ಎರಡು ಕಡೆ ಆಗಲ್ಲ ಅಂದ್ರು. ಆನ್‌ಲೈನಲ್ಲಿ ನಂಬರ್ ಹೊಡೆದ್ರೆ ಪ್ರೀಮಿಯಂ ತೋರಿಸತ್ತೆ, ದುಡ್ಡೂ ತಗೊಳತ್ತೆ, ಭಾವ ಕಟ್ಟೇಬಿಡೋಣ ಅಂತ ಹೊರಟಿದ್ರು, ನಾನೇ ತಡೆದೆ, "ಭಾವ, ಅದರಲ್ಲಿ ಹಿಂದೆ ಕ್ಲೇಮ್ ಆಗಿದ್ಯಾ ಅಂತ ಕೇಳಿದ್ದಾರೆ, ಇಲ್ಲ ಅಂತ ಹಾಕಿದ್ರೆ ನಾಳೆ ಕ್ಲೇಮ್ ಬಂದಾಗ ಇದನ್ನೇ ಹಿಡ್ಕೊಂಡು ರಿಜೆಕ್ಟ್ ಮಾಡ್ತಾರೆ" ಅಂದೆ. ಒಂದು ಕಂಪನಿ ಕ್ಲೇಮ್ ಇನ್ನೊಂದಕ್ಕೆ ಗೊತ್ತಾಗಲ್ಲ ಅಂದ್ಕೊಬೇಡಿ, ಪಾಲಿಸಿ, ಕ್ಲೇಮ್ ಡೇಟಾ ಎಲ್ಲ ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋದಲ್ಲಿ ಸೇರತ್ತೆ. ಇಲ್ಲದ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ, ಕೇಳೋದೂ ಇದೇ ಥರದ ತಪ್ಪು, ಟೋಟಲ್ ಲಾಸ್ ಕ್ಲೇಮ್ ತಗೊಂಡ ಮೇಲೆ ನಿಮ್ಮ ಬೋನಸ್ ಸೊನ್ನೆ.

ನಾವು ಮಾಡಿದ್ದು ಇಷ್ಟೇ, ಫೈಲ್ ಹಿಡ್ಕೊಂಡು ಬ್ರಾಂಚಿಗೆ ಹೋದ್ವಿ. ಪ್ರಪೋಸಲ್ ಫಾರಂ ಜೊತೆ ಒಂದು ಪತ್ರ, ಇಂಥ ತಿಂಗಳು ನೀರಲ್ಲಿ ಮುಳುಗಿತ್ತು, ನೆಟ್ ಆಫ್ ಸಾಲ್ವೇಜ್ ಸೆಟಲ್ ಆಯ್ತು, ಇಷ್ಟು ಖರ್ಚಲ್ಲಿ ರಿಪೇರಿ ಆಗಿದೆ, ಬಿಲ್ ಲಗತ್ತಿಸಿದೆ ಅಂತ. ಆ ಪತ್ರದ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡ್ವಿ. ಎರಡು ದಿನ ಬಿಟ್ಟು ಇನ್ಸ್‌ಪೆಕ್ಷನ್‌ಗೆ ಬಂದ್ರು, ನಾಲ್ಕೂ ಕಡೆ ಫೋಟೋ, ಗಾಜು, ಮೀಟರ್ ರೀಡಿಂಗ್, ಚಾಸಿಸ್ ನಂಬರ್, ಇಂಜಿನ್ ಸ್ಟಾರ್ಟ್ ಮಾಡಿ ವಿಡಿಯೋ. ಎಡಗಡೆ ಬಾಗಿಲಲ್ಲಿ ಇದ್ದ ಒಂದು ಗೀರನ್ನೂ ಬರ್ಕೊಂಡ್ರು. ಬರ್ಕೊಳ್ಳಲಿ ಬಿಡಿ, ಅಲ್ಲಿ ಬರೆಯದೆ ಇದ್ದಿದ್ದೆಲ್ಲ ಅವತ್ತು ಸರಿಯಾಗಿತ್ತು ಅನ್ನೋದಕ್ಕೆ ಆ ರಿಪೋರ್ಟೇ ನಿಮಗೆ ಸಾಕ್ಷಿ.

ಕವರ್ ಸಿಕ್ತು, ಐಡಿವಿ ಮಾತ್ರ ಇಳಿಸಿದ್ರು. ಐದು ವರ್ಷ ದಾಟಿದ ಕಾರಿನ ಐಡಿವಿ ಇಬ್ಬರೂ ಒಪ್ಪಿ ಮಾಡ್ಕೊಳ್ಳೋದು, ಹಾಗಾಗಿ ಬಿಲ್ ತೋರಿಸಿ ಸ್ವಲ್ಪ ಎಳೆದಾಡಿ. ಹೆಚ್ಚು ಐಡಿವಿಗೆ ಪ್ರೀಮಿಯಂ ಜಾಸ್ತಿ, ತೀರಾ ಕಡಿಮೆ ಮಾಡ್ಕೊಂಡ್ರೆ ಸಣ್ಣ ಆಕ್ಸಿಡೆಂಟಿಗೂ ಆ ಶೇ 75ರ ಗೆರೆ ದಾಟಿ ಮತ್ತೆ ಟೋಟಲ್ ಲಾಸ್ ಆಗತ್ತೆ, ಅದೇ ದೊಡ್ಡ ಅಪಾಯ. ಝೀರೋ ಡೆಪ್ರಿಸಿಯೇಶನ್ (ಪಾರ್ಟಿನ ಸವಕಳಿ ಕಳೆಯದೆ ಕೊಡೋದು), ಇಂಜಿನ್ ಪ್ರೊಟೆಕ್ಟ್ ಥರದ ಹೆಚ್ಚುವರಿ ಕವರ್, ಆಡ್ ಆನ್ ಅಂತಾರಲ್ಲ ಅದನ್ನ ಕೇಳಿದ್ವಿ, ಕೊಡಲಿಲ್ಲ.

ಗುಜರಿಯವರಿಗೆ ಕೊಡೋರು, ಇಂಥ ಕಾರು ಕೊಳ್ಳೋರು

ಕೆಟ್ಟ ಕಾರನ್ನ ಮಾರೋದಾದ್ರೆ ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಅವರು ರಿಪೇರಿ ಮಾಡಿ ಇನ್ಶೂರೆನ್ಸ್ ಇಲ್ಲದೆ ಓಡಿಸಿ ಯಾರಿಗಾದ್ರೂ ಗುದ್ದಿದ್ರೆ ಕೇಸಲ್ಲಿ ಹೆಸರು ನಿಮ್ಮದು, ಆರ್‌ಸಿಯಲ್ಲಿ ಯಾರ ಹೆಸರಿದ್ಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆರ್‌ಸಿ ಟ್ರಾನ್ಸ್‌ಫರ್ ಆಗೋವರೆಗೂ ಬೆನ್ನು ಹತ್ತಿ.

ಕೊಳ್ಳೋರು ಮಾರೋರ ಹತ್ತಿರ ಹಳೇ ಕ್ಲೇಮ್ ಕಾಗದ, ಸರ್ವೇಯರ್ ರಿಪೋರ್ಟ್, ಬಿಲ್ ಎಲ್ಲ ಕೇಳಿ, ಇಲ್ಲ ಅಂದ್ರೆ ಕಾರು ಎಷ್ಟೇ ಅಗ್ಗ ಇದ್ರೂ ಬಿಡಿ. ಕೊಂಡ ಮೇಲೆ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಹಾಕಬೇಕು. ತಾನಾಗೇ ವರ್ಗ ಆಗೋದು ಥರ್ಡ್ ಪಾರ್ಟಿ ಭಾಗ ಅಷ್ಟೇ, ನಿಮ್ಮ ಕಾರಿನ ಡ್ಯಾಮೇಜಿನ ಭಾಗ ಆಗಲ್ಲ.

ತಕರಾರು ಬಂದ್ರೆ

ಮೊದಲು ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ ಬರವಣಿಗೆಯಲ್ಲಿ ಕೊಡಿ, ಆಮೇಲೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ. ಅಲ್ಲೂ ಆಗದಿದ್ರೆ ಇಂಥ ದೂರು ವಿಚಾರಿಸಿ ತೀರ್ಮಾನ ಮಾಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಕರ್ನಾಟಕದವರಿಗೆ ಆಫೀಸು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಫೀಸ್ ಇಲ್ಲ, ಲಾಯರ್ ಬೇಕಿಲ್ಲ. ಆದ್ರೆ ಒಂದು, ಪ್ರೀಮಿಯಂ ತಗೊಂಡು ಪಾಲಿಸಿ ಕೊಡದೆ ಇದ್ರೆ, ಕ್ಲೇಮ್ ರಿಜೆಕ್ಟ್ ಮಾಡಿದ್ರೆ ಅಲ್ಲಿ ಕೇಳಬಹುದು. ಮೊದಲೇ ನಿಮ್ಮ ಕಾರಿಗೆ ಕವರ್ ಕೊಡಲ್ಲ ಅಂದಿದ್ರೆ ಅಲ್ಲಿ ಏನೂ ಆಗಲ್ಲ, ಬೇರೆ ಕಂಪನಿ ನೋಡಬೇಕು ಅಷ್ಟೇ.

ಪಾಲಿಸಿ ಸಿಕ್ಕ ಮೇಲೆ ರಿನ್ಯೂವಲ್ ತಾರೀಖು ಒಂದು ದಿನವೂ ದಾಟಿಸಬೇಡಿ, ದಾಟಿದ್ರೆ ಮತ್ತೆ ಇನ್ಸ್‌ಪೆಕ್ಷನ್, ಮತ್ತೆ ಅದೇ ಪ್ರಶ್ನೆಗಳು. 90 ದಿನ ಮೀರಿದ್ರೆ ಅಲ್ಲಿವರೆಗೆ ಸೇರಿದ ಬೋನಸ್ಸೂ ಹೋಗತ್ತೆ. ಭಾವ ಮೊಬೈಲಲ್ಲಿ ಒಂದು ತಿಂಗಳು ಮುಂಚೆಗೇ ರಿಮೈಂಡರ್ ಇಟ್ಕೊಂಡಿದ್ರು, ಮೊದಲ ವರ್ಷ ಕ್ಲೇಮ್ ಇಲ್ಲದೆ ಮುಗೀತು, ರಿನ್ಯೂವಲ್ಲಲ್ಲಿ ಶೇ 20 ಬೋನಸ್ ಬಂತು, ಅವತ್ತು ಅಕ್ಕ ಆ ರಸೀದಿನೂ ಅದೇ ಫೈಲಿಗೆ ಸೇರಿಸಿದ್ಲು.